ಬಂಡವಾಳ ಮಂಡ್ಯಕ್ಕೆ ಬಂದ ದಾರಿ

ಕಾರ್ಲ್ ಮಾರ್ಕ್ಸ್ ಮೈಸೂರು ಸೀಮೆಗೆ ಕಾಲಿಟ್ಟವನಲ್ಲ. ಆದರೆ ಮೈಸೂರು ಸೀಮೆ ಅವನ ‘ಬಂಡವಾಳ’ ಗ್ರಂಥದೊಳಗೆ ಕಾಲಿಟ್ಟಿದೆ. ಮೊದಲ ಸಂಪುಟದಲ್ಲಿ ಅವನು ಇಂಡಿಯಾದ ಹಳ್ಳಿಯ ಒಂದು ಚಿತ್ರ ಕೊಡುತ್ತಾನೆ. ಊರ ಗೌಡ, ಲೆಕ್ಕ ಬರೆಯುವವನು, ಗಡಿ ಕಾಯುವವನು, ಕೆರೆ ನೀರು ಹಂಚುವವನು, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಮಡಿವಾಳ. ಓದುತ್ತಾ ಹೋದರೆ ಊರ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ನಮ್ಮ ಹನ್ನೆರಡು ಮಂದಿ ಆಯಗಾರರೇ ಸಾಲಾಗಿ ಬಂದು ನಿಂತ ಹಾಗಿದೆ. ಅಡಿಟಿಪ್ಪಣಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಹೆಸರಿದೆ. ಟಿಪ್ಪು ಸತ್ತ ಮೇಲಿನ ವರ್ಷಗಳಲ್ಲಿ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ, ಆಗಿದ್ದ ಸೇನಾಧಿಕಾರಿ. ಅವನು ಬರೆದ ಮೈಸೂರಿನ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಮೈಸೂರಿನಲ್ಲಿ ಕೂತು ಒಬ್ಬ ಬ್ರಿಟಿಷ್ ಅಧಿಕಾರಿ ಕಂಡ ಹಳ್ಳಿ, ಲಂಡನ್ನಿನ ಲೈಬ್ರರಿಯಲ್ಲಿ ಕೂತಿದ್ದ ಒಬ್ಬ ದೇಶಭ್ರಷ್ಟ ಜರ್ಮನ್ನನ ಕೈಯಲ್ಲಿ ಇಡೀ ಏಷ್ಯಾದ ಹಳ್ಳಿಯಾಯಿತು. ರಾಜರು ಬರುತ್ತಾರೆ, ಹೋಗುತ್ತಾರೆ, ಹಳ್ಳಿ ಮಾತ್ರ ಇದ್ದ ಹಾಗೇ ಇರುತ್ತದೆ. ಅದನ್ನು ಕದಲಿಸಲು ಬಂಡವಾಳಶಾಹಿಯೇ ಬರಬೇಕಾಯಿತು ಎಂಬುದು ಅವನ ವಾದ.

1853ರಲ್ಲಿ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಿದ್ದ. ಇಂಡಿಯಾದಲ್ಲಿ ಇಂಗ್ಲೆಂಡಿಗೆ ಎರಡು ಕೆಲಸ ಇವೆ. ಒಂದು, ಹಳೆಯ ಸಮಾಜವನ್ನು ಕೆಡವುವುದು. ಇನ್ನೊಂದು, ಹೊಸದಕ್ಕೆ ಬುನಾದಿ ಹಾಕುವುದು. ಕೆಲಸ ಮಾಡುವವರ ಉದ್ದೇಶ ಹೊಲಸು. ಆದರೂ ಇತಿಹಾಸ ಅವರ ಕೈಯಿಂದಲೇ ಕೆಲಸ ಮಾಡಿಸಿಕೊಳ್ಳುತ್ತದೆ. ರೈಲು ಬಂದರೆ ಕೈಗಾರಿಕೆ ಬರುತ್ತದೆ, ಕೈಗಾರಿಕೆ ಬಂದರೆ ಜಾತಿ ನಿಂತಿರುವ ವಂಶಪಾರಂಪರ್ಯ ಕಸುಬುಗಳು ಕರಗುತ್ತವೆ. ಅದೇ ಲೇಖನಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಜಾಸ್ತಿ ಜನ ನೆನೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಕಾರ್ಮಿಕರು ಅಧಿಕಾರ ಹಿಡಿಯುವವರೆಗೆ, ಇಲ್ಲವೇ ಇಂಡಿಯಾದವರೇ ಇಂಗ್ಲಿಷರ ನೊಗ ಕಿತ್ತೆಸೆಯುವವರೆಗೆ, ಈ ಹೊಸದರ ಫಲ ಇಲ್ಲಿನವರಿಗೆ ದಕ್ಕುವುದಿಲ್ಲ. 1857ಕ್ಕೂ ಮೊದಲು ಹೀಗೆ ಬರೆದ ಯುರೋಪಿನವರು ಎಷ್ಟು ಮಂದಿ ಇದ್ದಾರು?

ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಕುಕ್ಕರಹಳ್ಳಿ ಕೆರೆ ದಂಡೆಯಲ್ಲೋ ಯಾರದೋ ಬಾಡಿಗೆ ರೂಮಿನಲ್ಲೋ ನಡೆಯುತ್ತಿದ್ದ ಅಧ್ಯಯನ ಕೂಟಗಳಲ್ಲಿ ಇದನ್ನೆಲ್ಲ ಪಾಠದ ಹಾಗೆ ಹೇಳಿಕೊಡುತ್ತಿದ್ದರು. ಆದಿಮ ಸಮಾಜ, ಗುಲಾಮಗಿರಿ, ಊಳಿಗಮಾನ್ಯ, ಬಂಡವಾಳಶಾಹಿ, ಸಮಾಜವಾದ. ಐದು ಹಂತ. 1938ರಲ್ಲಿ ಸ್ಟಾಲಿನ್ ಬರೆದ ಪುಸ್ತಿಕೆಯಲ್ಲಿ ಈ ಐದೂ ಅಚ್ಚುಕಟ್ಟಾಗಿ ಸಾಲುಗಟ್ಟಿವೆ. ಪರೀಕ್ಷೆಗೆ ಬರೆಯಲು ಬಹಳ ಅನುಕೂಲ. ಮಾರ್ಕ್ಸ್ 1859ರಲ್ಲಿ ಬರೆದ ಮುನ್ನುಡಿಯಲ್ಲಿ ಬೇರೆಯದೇ ಪಟ್ಟಿ ಇದೆ, ಅದರಲ್ಲಿ ‘ಏಷ್ಯಾಟಿಕ್’, ಅಂದರೆ ಏಷ್ಯಾದ ಉತ್ಪಾದನಾ ಪದ್ಧತಿ, ಎಂಬುದೊಂದು ಇದೆ, ಅದು ಎಲ್ಲಿ ಹೋಯಿತು ಅಂತ ಕೇಳಿದರೆ ಟೀ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಆ ಪಾಠದಲ್ಲಿ ಒಂದು ಅರ್ಧವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಬಂಡವಾಳಶಾಹಿ ಇತಿಹಾಸದಲ್ಲಿ ಬರೀ ಒಂದು ಪಾಪವಲ್ಲ, ಅದು ಒಂದು ಕೆಲಸ ಮಾಡಿದೆ ಎಂಬ ಅರ್ಧ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಮೊದಲ ಪುಟಗಳನ್ನು ಓದಿದವರಿಗೆ ಗೊತ್ತು. ಬಂಡವಾಳಗಾರರ ವರ್ಗವನ್ನು, ಬೂರ್ಜ್ವಾ ವರ್ಗವನ್ನು, ಅಷ್ಟು ಹೊಗಳಿದವರು ಬೂರ್ಜ್ವಾಗಳಲ್ಲೂ ಇಲ್ಲ. ನೂರು ವರ್ಷ ತುಂಬುವುದರೊಳಗೆ ಹಿಂದಿನ ಎಲ್ಲ ತಲೆಮಾರುಗಳೂ ಸೇರಿ ಕಟ್ಟಿದ್ದಕ್ಕಿಂತ ಹೆಚ್ಚು ಕಟ್ಟಿತು, ಗಟ್ಟಿಯಾಗಿ ಕಂಡದ್ದನ್ನೆಲ್ಲ ಗಾಳಿಯಲ್ಲಿ ಕರಗಿಸಿತು ಅಂತ ಬರೆದವರು ಅದನ್ನು ಮುಗಿಸಲು ಹೊರಟವರೇ.

ನಮ್ಮ ಕಡೆ ಬಂಡವಾಳಶಾಹಿಯನ್ನು ಬೈಯುವವರಲ್ಲಿ ಅನೇಕರ ಬೈಗುಳ ಬೇರೆ ಜಾಗದಿಂದ ಬರುತ್ತದೆ. ಮಂಡ್ಯ ರೈತ ಚಳವಳಿಯ ಜಿಲ್ಲೆ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಹಸಿರು ಶಾಲು ಇಲ್ಲಿ ಮನೆಮನೆಯಲ್ಲಿತ್ತು. ಅದರ ನಾಯಕ ಪ್ರೊ. ನಂಜುಂಡಸ್ವಾಮಿಯವರು ಸಮಾಜವಾದಿ ಲೋಹಿಯಾ ದಾರಿಯಿಂದ ಬಂದವರು. ಗ್ಯಾಟ್ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವ, ಬೀಜದ ಪೇಟೆಂಟು, ವಿದೇಶಿ ಕಂಪನಿ ಇವುಗಳ ವಿರುದ್ಧ ಅವರು ಕೊಟ್ಟ ಎಚ್ಚರಿಕೆ ಎಡಪಕ್ಷಗಳ ಎಷ್ಟೋ ನಿರ್ಣಯಗಳಿಗಿಂತ ಬೇಗ ಹಳ್ಳಿ ತಲುಪಿತು. ಆ ಋಣ ದೊಡ್ಡದು. ಆದರೆ ಆ ಭಾಷಣಗಳನ್ನು ಕೇಳಿ ಮನೆಗೆ ಬಂದ ನಮ್ಮ ಹಿರಿಯರಲ್ಲಿ ಕೆಲವರು ಜಗಲಿ ಮೇಲೆ ಕೂತು ಹೇಳುತ್ತಿದ್ದುದೇ ಬೇರೆ. ಒಂದು ಕಾಲದಲ್ಲಿ ಹಳ್ಳಿಗೆ ಉಪ್ಪು ಬಿಟ್ಟರೆ ಹೊರಗಿನಿಂದ ಏನೂ ಬೇಕಿರಲಿಲ್ಲ, ಎಲ್ಲರೂ ಅವರವರ ಕೆಲಸ ಮಾಡಿಕೊಂಡು ಸುಖವಾಗಿದ್ದರು, ಪೇಟೆ ಬಂದು ಕೆಡಿಸಿತು.

ಅವರವರ ಕೆಲಸ. ಅಲ್ಲೇ ಇದೆ ಗುಟ್ಟು. ವಿಲ್ಕ್ಸ್ ಬರೆದು ಮಾರ್ಕ್ಸ್ ಎತ್ತಿಕೊಂಡ ಆ ಪಟ್ಟಿಯಲ್ಲಿ ನೀರು ಹಂಚುವವನಿದ್ದಾನಲ್ಲ, ಅವನು ನಮ್ಮ ನೀರಗಂಟಿ. ಹಳೇ ಮೈಸೂರಿನ ಹಲವು ಕಡೆ ಈ ಕೆಲಸ ಮಾಡುತ್ತಿದ್ದವರು ದಲಿತರು. ಊರಿನ ಎಲ್ಲ ಗದ್ದೆಗೂ ತೂಬು ಎತ್ತಿ ನೀರು ಬಿಡುವವನು ಅವನು. ಊರ ಬಾವಿಯ ನೀರು ಮುಟ್ಟುವ ಹಾಗಿರಲಿಲ್ಲ. ಹಳ್ಳಿಯ ಸ್ವಾವಲಂಬನೆ ಎಂದರೆ ಅವನಿಗೆ ಸುಗ್ಗಿಯಲ್ಲಿ ಸಿಗುವ ಒಂದಿಷ್ಟು ಕಾಳು, ಸತ್ತ ದನ ಎಳೆಯುವ ಹಕ್ಕು. ಈ ವ್ಯವಸ್ಥೆ ಮುರಿದಿದ್ದಕ್ಕೆ ಕಮ್ಯುನಿಸ್ಟ್ ಆದವನು ಅಳಬೇಕಾಗಿಲ್ಲ. ಮುರಿದಿದ್ದು ಯಾರು, ಎಷ್ಟು ಮುರಿಯಿತು, ಮುರಿದ ಲೆಕ್ಕ ಯಾರ ತಲೆ ಮೇಲೆ ಬಿತ್ತು ಅಂತ ಕೇಳಬೇಕು.

ಅಲ್ಲಿಗೆ ಬಂದಾಗ ಐದು ಹಂತದ ಪಾಠ ಮಂಡ್ಯದಲ್ಲಿ ತಡವರಿಸುತ್ತದೆ.

ಪಾಠದ ಪ್ರಕಾರ ಊಳಿಗಮಾನ್ಯದ ಹೊಟ್ಟೆಯಲ್ಲಿ ವ್ಯಾಪಾರಿಗಳು ಬೆಳೆಯುತ್ತಾರೆ, ಪಟ್ಟಣ ಕಟ್ಟುತ್ತಾರೆ, ರಾಜನ ಜೊತೆ ಜಗಳ ಆಡುತ್ತಾರೆ, ಕೊನೆಗೆ ಅವನನ್ನು ಇಳಿಸಿ ತಾವು ಕೂರುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಬಂಡವಾಳವನ್ನು ಕೈಹಿಡಿದು ಕರೆತಂದಿದ್ದು ರಾಜನೇ. ಜೊತೆಗೆ ಇಂಜಿನಿಯರುಗಳು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಯಂತ್ರ ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಈಗ ಮಂಡ್ಯ ಜಿಲ್ಲೆಯಲ್ಲಿರುವ ಆ ಜಾಗದಿಂದ ಹೊರಟ ತಂತಿ ಮೊದಲು ಹೋಗಿದ್ದು ನಮ್ಮ ಯಾವ ಊರಿಗೂ ಅಲ್ಲ, ಮೈಸೂರಿನ ಅರಮನೆಗೂ ಅಲ್ಲ. ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಕಾವೇರಿ ನಮ್ಮದು, ತಂತಿ ಕಂಬ ನಮ್ಮದು, ಪಾತಾಳದಲ್ಲಿ ಇಳಿದು ಕೆಮ್ಮುವ ಎದೆ ನಮ್ಮದು, ಚಿನ್ನ ಅವರದು.

ಬೇಸಿಗೆಯಲ್ಲಿ ಹೊಳೆ ಸಣಕಲಾದರೆ ಟರ್ಬೈನಿಗೆ ನೀರು ಸಾಲದು, ಗಣಿಗೆ ಕರೆಂಟು ಸಾಲದು. ಗಣಿಗೆ ವಿದ್ಯುತ್ ನಿಲ್ಲದ ಹಾಗೆ ನೋಡಿಕೊಳ್ಳುವುದು, ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಯೋಜನೆಯ ಹಿಂದಿದ್ದ ದೊಡ್ಡ ಕಾರಣಗಳಲ್ಲಿ ಒಂದು. ನೀರಾವರಿ ಅದರ ಜೊತೆಗಿತ್ತು. ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು 1930ರ ದಶಕದ ಆರಂಭದಲ್ಲಿ. ಇದನ್ನು ಮಂಡ್ಯದಲ್ಲಿ ಹೇಳಿದರೆ ಜನ ಮುಖ ಗಂಟಿಕ್ಕುತ್ತಾರೆ. ವಿಶ್ವೇಶ್ವರಯ್ಯನವರ ಫೋಟೋ ದೇವರ ಫೋಟೋ ಪಕ್ಕದಲ್ಲಿರುವ ಊರುಗಳಿವು. ಅದನ್ನು ಇಳಿಸಿ ಅಂತ ನಾನೂ ಹೇಳುವುದಿಲ್ಲ. ರಾಗಿ, ಹುರುಳಿ ಬಿಟ್ಟು ಬೇರೇನೂ ಕಾಣದ ಒಣಭೂಮಿಯಲ್ಲಿ ನಾಲೆ ನೀರು ಹರಿದಾಗ ಏನಾಯಿತು ಎಂಬುದನ್ನು ನಮ್ಮಜ್ಜಿ ಬಾಯಿಂದ ಕೇಳಿದವನು ನಾನು. ಕಟ್ಟೆಯಲ್ಲಿ 124.80 ಅಡಿ ನೀರು ನಿಂತ ಸುದ್ದಿ ಬಂದರೆ ಇಲ್ಲಿ ಇವತ್ತಿಗೂ ಮುಖಗಳು ಅರಳುತ್ತವೆ. ಆದರೆ ಆ ಕಟ್ಟೆಯನ್ನು ನೋಡುವಾಗ ಕೋಲಾರದ ಗಣಿಯನ್ನೂ ಲಂಡನ್ನಿನ ಷೇರುದಾರನನ್ನೂ ಸೇರಿಸಿಕೊಂಡೇ ನೋಡಬೇಕು. ಹಾಗೆ ನೋಡದಿದ್ದರೆ ಬಂಡವಾಳಶಾಹಿ ಯಾವುದೋ ಒಂದು ದೇಶದ ಒಳಗೆ ತಾನಾಗಿ ಹಣ್ಣಾಗುವ ಹಂತ ಎಂಬ ಭ್ರಮೆ ಉಳಿಯುತ್ತದೆ. ನಮಗೆ ಅದು ಬಂದಿದ್ದು ತಂತಿಯ ಆ ತುದಿಯಿಂದ.

ಮೊದಲ ಬಂಡವಾಳ ಎಲ್ಲಿಂದ ಬರುತ್ತದೆ? ಮಾರ್ಕ್ಸ್ ‘ಬಂಡವಾಳ’ದ ಮೊದಲ ಸಂಪುಟದ ಕೊನೆಯ ಭಾಗವನ್ನು ಇದಕ್ಕೇ ಮೀಸಲಿಟ್ಟಿದ್ದಾನೆ. ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟವಾದ ಭಾಗ. ಮಿತವ್ಯಯಿ ಜಾಣರು ಕೂಡಿಟ್ಟರು, ಸೋಮಾರಿಗಳು ಕಳೆದರು ಎಂಬ ಕಥೆಯನ್ನು ಅವನು ಅಲ್ಲಿ ಹರಿದು ಹಾಕುತ್ತಾನೆ. ಸ್ಕಾಟ್ಲೆಂಡಿನ ಸದರ್ಲೆಂಡ್ ಪ್ರಾಂತ್ಯದಲ್ಲಿ 1814ರಿಂದ 1820ರ ನಡುವೆ 15,000 ಜನರನ್ನು, ಸುಮಾರು 3,000 ಕುಟುಂಬಗಳನ್ನು, ಒಕ್ಕಲೆಬ್ಬಿಸಿದರು. ಹಳ್ಳಿಗಳಿಗೆ ಬೆಂಕಿ ಇಟ್ಟರು. 1825ರ ಹೊತ್ತಿಗೆ ಅವರ ಜಾಗದಲ್ಲಿ 1,31,000 ಕುರಿಗಳು ಮೇಯುತ್ತಿದ್ದವು. ಅಮೆರಿಕದ ಬೆಳ್ಳಿ, ಆಫ್ರಿಕಾದ ಗುಲಾಮರು, ಇಂಡಿಯಾದ ಲೂಟಿ ಎಲ್ಲವನ್ನೂ ಆ ಲೆಕ್ಕಕ್ಕೇ ಬರೆಯುತ್ತಾನೆ. ಶ್ರೀರಂಗಪಟ್ಟಣದ ಕೋಟೆಯನ್ನು 1799ರಲ್ಲಿ ಒಡೆದು ಹಂಚಿಕೊಂಡ ಸಂಪತ್ತೂ ಆ ಲೂಟಿಯ ಒಂದು ಪಾಲು. ಆಮೇಲೆ ಮೈಸೂರು ವರ್ಷ ವರ್ಷವೂ ಕಪ್ಪ ಕಟ್ಟಿತು. ಮೊದಲು ಸುಮಾರು 24.5 ಲಕ್ಷ ರೂಪಾಯಿ, 1896ರಿಂದ 35 ಲಕ್ಷ. ಆ ದುಡ್ಡು ಕಂದಾಯದಿಂದ ಬರಬೇಕು, ಕಂದಾಯ ರೈತನಿಂದ ಬರಬೇಕು. ಇಷ್ಟು ಕೊಟ್ಟು ಉಳಿದಿದ್ದರಲ್ಲಿ ಸಂಸ್ಥಾನ ತನ್ನ ಕಾರ್ಖಾನೆ ಕಟ್ಟಿತು ಎಂಬುದು ಆಶ್ಚರ್ಯದ ವಿಷಯವೇ.

ಕನ್ನಂಬಾಡಿಯಲ್ಲಿ ಕುರಿಯ ಬದಲು ನೀರು ಬಂತು. ಊರಿಗೆ ಊರು ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಗ ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಎತ್ತಿ ಕಟ್ಟಿದ್ದಾರೆ. ಭಾನುವಾರ ಮೈಸೂರಿನಿಂದ ಕಾರುಗಳು ಸಾಲುಗಟ್ಟಿ ಹೋಗುತ್ತವೆ. ದೇವರಿಗೆ ಹೊಸ ಮನೆ ಸಿಕ್ಕಿದ್ದು ಒಳ್ಳೆಯದೇ. ಊರು ಬಿಟ್ಟವರ ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಅಲ್ಲಿ ಫೋಟೋ ತೆಗೆಸಿಕೊಳ್ಳುವ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಇಂಗ್ಲೆಂಡಿಗೂ ನಮಗೂ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಒಕ್ಕಲೆದ್ದವರು ಮ್ಯಾಂಚೆಸ್ಟರಿನಂಥ ಊರುಗಳ ಗಿರಣಿಗೆ ಕೈಯಾದರು. ಮಂಡ್ಯದಲ್ಲಿ, ಮುಳುಗಿದ ಊರುಗಳನ್ನು ಬಿಟ್ಟರೆ, ಬಂಡವಾಳ ರೈತನನ್ನು ನೆಲದಿಂದ ಕಿತ್ತುಹಾಕಲಿಲ್ಲ. ನೆಲದ ಮೇಲೇ ಇಟ್ಟು ಅವನನ್ನು ಕಾರ್ಖಾನೆಗೆ ಕಟ್ಟಿತು. ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಬಯಲಿಗೆ ಬಂತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬಿನ ಹಿಂದೆ ನಿಂತರು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. ಸರ್ಕಾರದ್ದೂ ಷೇರು, ರೈತರದ್ದೂ ಷೇರು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು.

ಕಬ್ಬು ಬೇರೆ ಬೆಳೆಗಳ ಹಾಗಲ್ಲ. ರಾಗಿ ಕೊಯ್ದು ಗುಡ್ಡೆ ಹಾಕಿ, ಬೆಲೆ ಬಂದಾಗ ಮಾರಬಹುದು. ಕಬ್ಬು ಕಡಿದ ಗಳಿಗೆಯಿಂದ ಸಕ್ಕರೆ ಅಂಶ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಬೇಗ ಅರೆಯಲೇಬೇಕು. ಹಾಗಾಗಿ ಹೊಲದ ಗಡಿಯಾರ ಕಾರ್ಖಾನೆಯ ಕೈಗೆ ಹೋಗುತ್ತದೆ. ಯಾವಾಗ ನಾಟಿ, ಯಾವ ತಳಿ, ಯಾವಾಗ ಕಟಾವು ಎಲ್ಲ ಅಲ್ಲಿಂದ. ಅಪ್ಪ ಕಟಾವಿನ ಪರ್ಮಿಟ್ಟಿಗೆ ಕಾಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಬ್ಬು ಸೂಲಂಗಿ ಬಿಟ್ಟು ನಿಂತಿದೆ, ಪರ್ಮಿಟ್ ಇಲ್ಲ. ಪರ್ಮಿಟ್ ಬಂತು, ಗ್ಯಾಂಗ್ ಇಲ್ಲ. ಗ್ಯಾಂಗ್ ಸಿಕ್ಕಿತು, ಲಾರಿ ಇಲ್ಲ. ಎಲ್ಲ ಸೇರಿ ಬಂದರೆ ಕಾರ್ಖಾನೆ ಮುಂದೆ ಗಾಡಿಗಳ ಸಾಲು. ತೂಕದ ಚೀಟಿ ಅವರದ್ದು, ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಎಂಬ ರಿಕವರಿ ಲೆಕ್ಕ ಅವರದ್ದು, ಎಫ್‌ಆರ್‌ಪಿ ಎಂಬ ಕಬ್ಬಿನ ಕನಿಷ್ಠ ದರ ದೆಹಲಿಯದ್ದು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯ ಮುಖವನ್ನು ನಮ್ಮ ಮನೆ ಕಂಡಿಲ್ಲ.

ಇಷ್ಟಾದರೂ ಅಪ್ಪ ತಾನು ಮಾಲೀಕ ಅಂತಲೇ ತಿಳಿದಿದ್ದರು. ಪಹಣಿ ಅವರ ಹೆಸರಲ್ಲಿತ್ತು, ಸುಳ್ಳೇನಲ್ಲ. ಜರ್ಮನಿಯ ಮಾರ್ಕ್ಸ್‌ವಾದಿ ಕೌಟ್ಸ್ಕಿ 1899ರಲ್ಲಿ ಯುರೋಪಿನ ರೈತರ ಬಗ್ಗೆ ಬರೆದಾಗ ಸಕ್ಕರೆ ಗಿರಣಿಗಳನ್ನು ಗಮನಿಸಿದ್ದ. ಅಲ್ಲಿ ಕಬ್ಬಲ್ಲ, ಬೀಟ್. ರೈತ ನೆಲದ ಒಡೆಯನಾಗಿ ಉಳಿಯುತ್ತಾನೆ, ಆದರೆ ಅವನ ದುಡಿಮೆಯ ಮೇಲೆ ಅಧಿಕಾರ ಗಿರಣಿಗೆ ಹೋಗುತ್ತದೆ. ಅದೇ ವರ್ಷ ಲೆನಿನ್ ರಷ್ಯಾದ ಹಳ್ಳಿಗಳ ಅಂಕಿಅಂಶ ಹಿಡಿದು ರೈತರೆಲ್ಲ ಒಂದೇ ವರ್ಗವಲ್ಲ, ಒಳಗೊಳಗೇ ಒಡೆಯುತ್ತಿದ್ದಾರೆ ಅಂತ ತೋರಿಸಿದ. ಎರಡೂ ನಮ್ಮ ಹಟ್ಟಿಯಲ್ಲೇ ಕಾಣುತ್ತವೆ. ಕಾರ್ಖಾನೆ ಎದುರು ಕೈಕಟ್ಟಿ ನಿಲ್ಲುವ ಅಪ್ಪ, ಬಳ್ಳಾರಿ ಕಡೆಯಿಂದ ಮಕ್ಕಳುಮರಿ ಸಮೇತ ಬಂದು ಗದ್ದೆ ಬದಿಯಲ್ಲಿ ಗುಡಿಸಲು ಹಾಕಿದ ಕಟಾವಿನವರ ಎದುರು ಯಜಮಾನ. ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ಬೇಯುತ್ತಿರುವವರಲ್ಲಿ ಈಗ ಉತ್ತರ ಪ್ರದೇಶ, ಬಿಹಾರದ ಹುಡುಗರು ತುಂಬಾ ಇದ್ದಾರೆ. ಮಂಡ್ಯದ ಬೆಲ್ಲದಲ್ಲಿ ಭೋಜಪುರಿ ಬೆವರು. ಅದೇ ಮನೆಯ ಸೊಸೆ ಗಾರ್ಮೆಂಟ್ಸಿಗೆ, ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸಲು. ಒಂದೇ ರೇಷನ್ ಕಾರ್ಡಿನಲ್ಲಿ ಮೂರು ವರ್ಗ. 2015ರಲ್ಲಿ ಈ ಜಿಲ್ಲೆಯಲ್ಲಿ ಸಾಲು ಸಾಲು ಕಬ್ಬು ಬೆಳೆಗಾರರು ಜೀವ ಕಳೆದುಕೊಂಡಾಗ ಇದು ಯಾವ ಹಂತದ ಸಾವು, ಊಳಿಗಮಾನ್ಯದ್ದೋ ಬಂಡವಾಳಶಾಹಿಯದ್ದೋ ಅಂತ ಕೇಳುವ ಧೈರ್ಯ ಯಾರಿಗಿತ್ತು?

ಕೇಳಿದವರಿದ್ದಾರೆ, ಬೇರೆ ರೀತಿಯಲ್ಲಿ. ಭಾರತದ ಕೃಷಿ ಊಳಿಗಮಾನ್ಯವೋ ಬಂಡವಾಳಶಾಹಿಯೋ ಅಂತ 1970ರ ದಶಕದಲ್ಲಿ ಉತ್ಸಾ ಪಟ್ನಾಯಕ್, ಅಶೋಕ್ ರುದ್ರ, ಅಮಿತ್ ಭಾದುರಿ ಮೊದಲಾದ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದರು. ಕಮ್ಯುನಿಸ್ಟ್ ಪಕ್ಷಗಳೂ ಇದರ ಮೇಲೆ ಬೇರೆ ಬೇರೆ ನಿಂತವು. ಒಬ್ಬರದ್ದು ರಾಷ್ಟ್ರೀಯ ಪ್ರಜಾಪ್ರಭುತ್ವ ಕ್ರಾಂತಿ, ಇನ್ನೊಬ್ಬರದ್ದು ಜನತಾ ಪ್ರಜಾಪ್ರಭುತ್ವ ಕ್ರಾಂತಿ, ಮತ್ತೊಬ್ಬರಿಗೆ ದೇಶ ಅರೆ ಊಳಿಗಮಾನ್ಯ ಅರೆ ವಸಾಹತು. 1964ರಲ್ಲಿ ಒಂದು ಒಡಕು, 1969ರಲ್ಲಿ ಇನ್ನೊಂದು ಪಕ್ಷ. ಹಳೆಯ ಸಂಗಾತಿಗಳು ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ ಇದೇ ವಾದ ಮುಂದುವರಿಸುತ್ತಾರೆ. ಸುಮ್ನೆ ನಗಬೇಡಿ. ಶತ್ರು ಯಾರು, ಜೊತೆಗೆ ಯಾರು ಎಂಬುದು ಈ ಉತ್ತರದ ಮೇಲೇ ನಿಂತಿದೆ. ಆದರೂ ನನಗನಿಸುವುದು, ಹಂತಕ್ಕೆ ಹೆಸರಿಡುವುದರಲ್ಲಿ ಖರ್ಚಾದ ಬುದ್ಧಿಯಲ್ಲಿ ಒಂದು ಪಾಲು ಜಾತಿಗೆ ಸಿಕ್ಕಿದ್ದರೆ ಎಡಪಂಥ ಹಳೇ ಮೈಸೂರಿನಲ್ಲಿ ಇಷ್ಟು ಸಣ್ಣದಾಗಿ ಉಳಿಯುತ್ತಿರಲಿಲ್ಲ.

ಯಾಕೆಂದರೆ ಮಾರ್ಕ್ಸನ 1853ರ ಲೆಕ್ಕ ಅತಿ ದೊಡ್ಡದಾಗಿ ತಪ್ಪಿದ್ದು ಅಲ್ಲೇ. ಬೆಂಗಳೂರು ಮೈಸೂರು ರೈಲು 1880ರ ದಶಕದ ಆರಂಭದಿಂದ ಓಡುತ್ತಿದೆ. ಅದರಲ್ಲಿ ಎಲ್ಲರೂ ಪಕ್ಕಪಕ್ಕ ಕೂತು ಹೋಗುತ್ತೇವೆ. ಅದು ಸಣ್ಣ ಸಂಗತಿಯಲ್ಲ, ಅಲ್ವಾ? ಆದರೆ ಮೈಸೂರಿನಲ್ಲಿ ಇಳಿದು ಬಾಡಿಗೆ ಮನೆ ಹುಡುಕಿ ನೋಡಿ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಕಾಣುತ್ತದೆ. ದುಡ್ಡು ಎಲ್ಲರದ್ದೂ ಒಂದೇ ಎನ್ನುವ ಮಾರುಕಟ್ಟೆ ಅಡುಗೆಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಅಂಬೇಡ್ಕರ್ 1936ರಲ್ಲೇ ಹೇಳಿದ್ದರು, ಜಾತಿ ಬರೀ ಶ್ರಮದ ವಿಭಜನೆಯಲ್ಲ, ಅದು ಶ್ರಮಿಕರ ವಿಭಜನೆ. ಕೆಲಸ ಬದಲಾದರೆ ಮೊದಲನೆಯದು ಕರಗಬಹುದು. ಎರಡನೆಯದು ಕಾರ್ಖಾನೆಯ ಒಳಕ್ಕೂ ನಡೆದು ಬರುತ್ತದೆ. ಯಾವ ಊರಿನಲ್ಲಾದರೂ ಸರಿ, ಚರಂಡಿಗೆ ಇಳಿಯುವವರು ಯಾರು, ಲೆಡ್ಜರ್ ಬರೆಯುವವರು ಯಾರು ಅಂತ ನೋಡಿದರೆ ಸಾಕು.

ಹಾಗಾದರೆ ಇಲ್ಲಿ ಅಷ್ಟಿಷ್ಟು ಮುರಿದಿದ್ದು ಹೇಗೆ? ಯಾರೋ ಜಗಳಕ್ಕೆ ನಿಂತರು. 1917ರಲ್ಲಿ ಮೈಸೂರಿನಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿ, ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಅಂತ ಮಹಾರಾಜರ ಮುಂದೆ ಹೋಯಿತು. ಇದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ಬಂತು, 1919ರಲ್ಲಿ ವರದಿ ಕೊಟ್ಟಿತು, ಹಿಂದುಳಿದವರಿಗೆ ಪಾಲು ಸಿಕ್ಕಿತು. ಕೈಗಾರಿಕೆ ಕಟ್ಟಿ, ಇಲ್ಲವೇ ನಾಶವಾಗಿ ಎಂದ ವಿಶ್ವೇಶ್ವರಯ್ಯನವರು ಇದೇ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ದಿವಾನಗಿರಿ ಬಿಟ್ಟರು. ಯಂತ್ರವನ್ನು ತಂದ ಮನುಷ್ಯನೇ ಜಾತಿಯ ಬಾಗಿಲು ತೆರೆಯುತ್ತಾನೆ ಎಂಬ ಖಾತ್ರಿ ಇಲ್ಲ. ಆಮೇಲೆ ನಮ್ಮ ಹುಣಸೂರಿನ ದೇವರಾಜ ಅರಸು. 1974ರ ಭೂಸುಧಾರಣೆ, ಗೇಣಿದಾರನ ಕೈಗೆ ಪಹಣಿ, 1978ರಲ್ಲಿ ದಲಿತರಿಗೆ ಮಂಜೂರಾದ ಭೂಮಿ ಪರರ ಪಾಲಾಗದಂತೆ ಪಿಟಿಸಿಎಲ್ ಕಾಯ್ದೆ. ಇದರಲ್ಲಿ ಯಾವುದನ್ನೂ ಬಂಡವಾಳ ತಾನಾಗಿ ಮಾಡಲಿಲ್ಲ. ಬಂಡವಾಳಕ್ಕೆ ಈಗ ಬೇಕಾಗಿದ್ದು ಬೇರೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದು, ಕೃಷಿಕರಲ್ಲದವರೂ ಎಷ್ಟೇ ಆದಾಯ ಇರುವವರೂ ಹೊಲ ಕೊಳ್ಳಬಹುದು ಎಂದಾಯಿತು. ಎಕ್ಸ್‌ಪ್ರೆಸ್‌ವೇ ಬದಿಯ ಗದ್ದೆಗಳ ಬೇಲಿ ನೋಡಿಕೊಂಡು ಬನ್ನಿ.

ಇದನ್ನೆಲ್ಲ ನೋಡಿದ ಮೇಲೂ ‘ಬಂಡವಾಳಶಾಹಿ ಪೂರ್ತಿ ಬೆಳೆಯಲಿ, ಹಳೆಯದನ್ನೆಲ್ಲ ಅದೇ ಗುಡಿಸಿ ಹಾಕುತ್ತದೆ, ಆಮೇಲೆ ನಮ್ಮ ಸರದಿ’ ಎನ್ನುವ ಸಂಗಾತಿಗಳಿದ್ದಾರೆ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕಾಯಿಸುವ ಹಾಗಿದೆ ಇದು. ಮೊದಲಿನವರು ಏಳಲಿ, ಆಮೇಲೆ ನೀವು. ಕೊನೆಗೆ ಉಳಿಯುವವರು ಯಾವಾಗಲೂ ಅದೇ ಕೇರಿಯವರು. ಅಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿರುತ್ತದೆ.

ಮಾರ್ಕ್ಸನೇ ಕೊನೆಗಾಲದಲ್ಲಿ ಈ ಕಾಯುವಿಕೆಯನ್ನು ಒಪ್ಪಲಿಲ್ಲ. ವೆರಾ ಜಾಸೂಲಿಚ್ ಎಂಬ ರಷ್ಯನ್ ಕ್ರಾಂತಿಕಾರಿ ಅವನಿಗೊಂದು ಪತ್ರ ಬರೆದಳು. ನಮ್ಮ ಹಳ್ಳಿಗಳಲ್ಲಿ ಇನ್ನೂ ಸಾಮೂಹಿಕ ಭೂಮಿ ಇದೆ, ಅದು ಸತ್ತು ಬಂಡವಾಳಶಾಹಿ ಬರುವವರೆಗೆ ನಾವು ಕಾಯಬೇಕಾ, ನಿನ್ನ ಶಿಷ್ಯರು ಹಾಗಂತಾರೆ. ಅವನು ಕರಡಿನ ಮೇಲೆ ಕರಡು ಬರೆದ. ಕೊನೆಗೆ 1881ರ ಮಾರ್ಚ್ 8ರಂದು ಪುಟ್ಟ ಉತ್ತರ ಕಳಿಸಿದ. ‘ಬಂಡವಾಳ’ದಲ್ಲಿ ನಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿಗೆ ಮಾತ್ರ ಸೇರಿದ್ದು, ರಷ್ಯಾದ ಹಳ್ಳಿಸಮುದಾಯವೇ ಅಲ್ಲಿನ ಹೊಸ ಸಮಾಜಕ್ಕೆ ಆಧಾರವಾಗಬಹುದು, ಆದರೆ ಅದನ್ನು ಹಿಂಡುತ್ತಿರುವ ಶಕ್ತಿಗಳನ್ನು ಮೊದಲು ತೆಗೆಯಬೇಕು ಎಂಬುದು ಅದರ ಸಾರ. ಈ ಪತ್ರ ಅಚ್ಚಾಗಿದ್ದು 1924ರಲ್ಲಿ. (ಅದೇ 1881ರ ಅದೇ ಮಾರ್ಚ್ ತಿಂಗಳಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಕಾಕತಾಳೀಯ ಅಷ್ಟೇ. ಆದರೆ ನಮ್ಮ ‘ಹಂತ’ ಶುರುವಾದ ತಿಂಗಳಲ್ಲೇ ಹಂತಗಳ ಬಗ್ಗೆ ಅವನಿಗೆ ಅನುಮಾನ ಬಂದಿತ್ತು ಅಂತ ನೆನೆದಾಗ ನನಗೆ ನಗು ಬರುತ್ತದೆ.)

1917ರಲ್ಲಿ ರಷ್ಯಾದವರು ಕಾಯಲಿಲ್ಲ. ಇದು ‘ಬಂಡವಾಳ’ ಗ್ರಂಥದ ವಿರುದ್ಧ ನಡೆದ ಕ್ರಾಂತಿ ಅಂತ ಸಮಾಜವಾದಿ ಚಿಂತಕ ಗ್ರಾಮ್ಷಿ ಇಟಲಿಯಲ್ಲಿ ಕೂತು ಖುಷಿಯಿಂದ ಬರೆದ. ಆದರೆ ಮೊದಲ ಬಂಡವಾಳ ಎಲ್ಲಿಂದ ಎಂಬ ಪ್ರಶ್ನೆ ಅಲ್ಲೂ ಬಾಗಿಲಲ್ಲಿ ನಿಂತಿತ್ತು. ಕಾರ್ಖಾನೆ ಬೇಕು, ವಿದ್ಯುತ್ ಬೇಕು, ಹೊರಗಿನ ಲೂಟಿ ಇಲ್ಲ. ಉಳಿದಿದ್ದು ರೈತ. 1920ರ ದಶಕದಲ್ಲಿ ಸೋವಿಯತ್ ಅರ್ಥಶಾಸ್ತ್ರಜ್ಞ ಪ್ರಿಯೊಬ್ರಾಜೆನ್ಸ್ಕಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದ. ಮುಂದೆ ಬಲವಂತದ ಸಾಮೂಹಿಕ ಬೇಸಾಯ ಬಂತು, 1932–33ರಲ್ಲಿ ಉಕ್ರೇನಿನಲ್ಲೂ ಕಜಾಕಸ್ತಾನದಲ್ಲೂ ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರು. ನಮ್ಮವರಲ್ಲಿ ಕೆಲವರು ಇದನ್ನು ಮಾತಾಡಲು ಹಿಂಜರಿಯುತ್ತಾರೆ. ಸದರ್ಲೆಂಡಿನ ಮೂರು ಸಾವಿರ ಕುಟುಂಬಗಳನ್ನು ಬಾಯಿಪಾಠ ಹೇಳುವವನು ಉಕ್ರೇನಿನ ಹಳ್ಳಿಯನ್ನು ಬಿಟ್ಟು ಮುಂದೆ ಹೋದರೆ ಅವನ ಇತಿಹಾಸಕ್ಕೆ ಬೆಲೆ ಏನು? ಬಂಡವಾಳಶಾಹಿಯ ಹಂತವನ್ನು ಹಾರಬಹುದು ಎಂಬುದನ್ನು ರಷ್ಯಾ ತೋರಿಸಿತು. ಆ ಹಂತದ ಬಿಲ್ಲನ್ನು ಹಾರಲಾಗಲಿಲ್ಲ ಎಂಬುದನ್ನೂ ತೋರಿಸಿತು.

ಹಾಗಾದರೆ ಬಂಡವಾಳಶಾಹಿಗೆ ಇತಿಹಾಸದಲ್ಲಿ ಯಾವ ಜಾಗ ಕೊಡುತ್ತೀಯ ಅಂತ ಗೆಳೆಯನೊಬ್ಬ ಕೇಳಿದ್ದ. ಅದು ಹಳೆಯದನ್ನು ಗುಡಿಸುತ್ತದೆ ಎಂಬ ಪ್ರಮಾಣಪತ್ರ ನಾನು ಕೊಡುವುದಿಲ್ಲ. ತನಗೆ ಲಾಭವಾದರೆ ಹಳೆಯದನ್ನು ಹಾಗೇ ಇಟ್ಟುಕೊಳ್ಳುತ್ತದೆ, ಜಾತಿಯನ್ನೂ, ಗಂಡನ ಯಜಮಾನಿಕೆಯನ್ನೂ. ಅದು ಮಾಡುವ ಒಂದೇ ಒಂದು ಕೆಲಸವನ್ನು ಬೇರೆ ಯಾವ ವ್ಯವಸ್ಥೆಯೂ ಮಾಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿರದ ಸಾವಿರ ಜನರನ್ನು ಒಂದೇ ಸೂರಿನ ಕೆಳಗೆ, ಒಂದೇ ಹೊತ್ತಿಗೆ, ಒಂದೇ ತೊಂದರೆಗೆ ಸೇರಿಸುತ್ತದೆ. ಅಲ್ಲಿಂದ ಮುಂದಿನದು ಆ ಜನರಿಗೆ ಬಿಟ್ಟಿದ್ದು.

ಬೆಳಗಿನ ಜಾವ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹಳ್ಳಿಗಳಿಂದ ಗಾರ್ಮೆಂಟ್ಸ್ ವ್ಯಾನುಗಳು ಹೊರಡುತ್ತವೆ. ಒಕ್ಕಲಿಗರ ಮನೆಯವಳು, ಹೊಲಗೇರಿಯವಳು, ಸಾಬರ ಬೀದಿಯವಳು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಒಬ್ಬಳ ಡಬ್ಬಿಯ ಉಪ್ಪಿನಕಾಯಿ ಇನ್ನೊಬ್ಬಳ ಡಬ್ಬಿಗೆ ಹೋಗುತ್ತದೋ ಇಲ್ಲವೋ, ಲೈನಿನಲ್ಲಿ ಪೀಸ್ ಮಾತ್ರ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗಲೇಬೇಕು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ಹಣ ತೆಗೆಯಲು ಹೊಸ ನಿರ್ಬಂಧ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಅವರಲ್ಲಿ ನಮ್ಮ ಕಡೆಯ ಹಳ್ಳಿಗಳಿಂದ ಹೋದವರೂ ಇದ್ದರು. ಮುಂದೆ ನಿಂತು ನಡೆಸುವ ದೊಡ್ಡ ನಾಯಕರು ಇರಲಿಲ್ಲ. ಹೊಸೂರು ರಸ್ತೆ ನಿಂತಿತು, ತುಮಕೂರು ರಸ್ತೆ ನಿಂತಿತು. ಎರಡನೇ ದಿನ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಎಡಪಕ್ಷಗಳು, ಯೂನಿಯನ್ನುಗಳು ಅವರ ಹಿಂದೆ ಓಡಿದವು. ನಮ್ಮಲ್ಲಿ ಅದನ್ನು ಒಪ್ಪಿಕೊಳ್ಳಲು ಕೆಲವರಿಗೆ ಇನ್ನೂ ಕಷ್ಟ.

ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಯ ಹೆಂಗಸರಿಗೂ ಹುಡುಗರಿಗೂ ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ಕೆಲಸ ಕೂಡದು ಎಂಬ ಕಾನೂನು 1847ರಲ್ಲಿ ಬಂತು. ಅದಕ್ಕಾಗಿ ನಡೆದ ದೀರ್ಘ ಜಗಳದ ಬಗ್ಗೆ ಮಾರ್ಕ್ಸ್ ಒಂದು ಇಡೀ ಅಧ್ಯಾಯ ಬರೆದಿದ್ದಾನೆ. ಕರ್ನಾಟಕ ವಿಧಾನಮಂಡಲ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರಬಾರದು ಎಂಬ ಷರತ್ತಿನ ಮೇಲೆ, ದಿನಕ್ಕೆ ಹನ್ನೆರಡು ಗಂಟೆ ಪಾಳಿಗೆ ದಾರಿ ಮಾಡಿತು. ಹೆಂಗಸರ ರಾತ್ರಿ ಪಾಳಿಗೂ. ಹಂತಗಳ ಪಟ್ಟಿಯಲ್ಲಿ ಇದನ್ನು ಮುಂದಕ್ಕೆ ಅನ್ನುತ್ತಾರೋ ಹಿಂದಕ್ಕೆ ಅನ್ನುತ್ತಾರೋ ಗೊತ್ತಿಲ್ಲ. ಗೇಟಿನ ಹೊರಗೆ ಪಾಳಿ ಬಿಟ್ಟ ಹೊತ್ತಿನಲ್ಲಿ ಕರಪತ್ರ ಕೊಡಲು ನಿಂತರೆ ಅದನ್ನು ಯಾರೂ ಕೇಳುವುದೂ ಇಲ್ಲ. ಕೇಳುವ ಪ್ರಶ್ನೆಗಳೇ ಬೇರೆ. ಓವರ್‌ಟೈಮಿಗೆ ಡಬಲ್ ಕೊಡ್ತಾರಾ? ಹನ್ನೆರಡು ಗಂಟೆ ಆದರೆ ನಮ್ಮೂರಿನ ವ್ಯಾನ್ ಎಷ್ಟೊತ್ತಿಗೆ ಬಿಡುತ್ತದೆ? ಈ ಪಾಳಿಯ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕದಿದ್ದರೆ ತೆಗೆದುಹಾಕ್ತಾರಾ? ಸೈನ್ ಹಾಕದವರು ನಮ್ಮ ಲೈನಿನಲ್ಲಿ ಇನ್ನೂ ಎಷ್ಟು ಜನ ಇದ್ದಾರೆ?